ಶ್ರೀಲಂಕಾಕ್ಕೆ ಮೊದಲ ಸಲ: ದ್ವೀಪಕ್ಕೆ ಸುತ್ತು ಹಾಕಬೇಡಿ, ರಾಜಧಾನಿ ಸರಿದ ದಾರಿ ಹಿಡಿಯಿರಿ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

 

ಈ ವಾರದ ವಿಷಯ ನಿಮ್ಮಲ್ಲೇ ಒಬ್ಬರು ಕೇಳಿದ ಪ್ರಶ್ನೆ. "ನಾವು ನಾಲ್ಕು ಜನ. ಅಮ್ಮನಿಗೆ 68 ವರ್ಷ, ಮಂಡಿನೋವು. ಎಂಟು ದಿನ ರಜೆ ಸಿಗುತ್ತೆ. ಶ್ರೀಲಂಕಾ ಪೂರ್ತಿ ನೋಡ್ಕೊಂಡು ಬರಬಹುದಾ?" ಅಂತ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಆಗಲ್ಲ. ಆದರೆ ಎಂಟು ದಿನದಲ್ಲಿ ಶ್ರೀಲಂಕಾ ಅಂದರೆ ಏನು ಅಂತ ಅರ್ಥವಾಗುವ ಹಾಗೆ ನೋಡಿಕೊಂಡು ಬರಬಹುದು. ಈ ಎರಡರ ನಡುವಿನ ವ್ಯತ್ಯಾಸವನ್ನು ವಿವರಿಸುವುದೇ ಈ ಕಂತಿನ ಕೆಲಸ.

ಇದನ್ನು ಯಾಕೆ ಇಷ್ಟು ಗಂಭೀರವಾಗಿ ಹೇಳ್ತಿದ್ದೀನಿ ಅಂದ್ರೆ, ನಮ್ಮಲ್ಲಿ ಎಷ್ಟೋ ಮನೆಗಳಿಗೆ ಇದು ಮೊದಲ ವಿದೇಶ ಪ್ರವಾಸ. ಎರಡು ಮೂರು ವರ್ಷ ಕೂಡಿಟ್ಟ ದುಡ್ಡು. ಮನೆಯ ಹಿರಿಯರಿಗೆ ಬಹುಶಃ ಇದೊಂದೇ ಸಲ. ಆ ಎಂಟು ದಿನದಲ್ಲಿ ಅರ್ಧ ವ್ಯಾನಿನ ಕಿಟಕಿಯಲ್ಲೇ ಕಳೆದುಹೋದರೆ, ಆ ದಿನಗಳನ್ನು ಯಾರೂ ವಾಪಸ್ ಕೊಡುವುದಿಲ್ಲ. ನಾನು ಅಲ್ಲಿಗೆ ಎರಡು ಸಲ ಹೋಗಿ ಬಂದಿದ್ದೇನೆ, ಅದರಲ್ಲಿ ಒಮ್ಮೆ ಅಮ್ಮನ ಜೊತೆ. ಆ ಅನುಭವವನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಹೇಳ್ತೀನಿ.

ನಕ್ಷೆಯಲ್ಲಿ ಚಿಕ್ಕದು, ರಸ್ತೆಯಲ್ಲಿ ದೊಡ್ಡದು

ಭಾರತದ ನಕ್ಷೆಯ ಕೆಳಗೆ ಒಂದು ಹನಿಯಂತೆ ಕಾಣುವ ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿ.ಮೀ. ಕರ್ನಾಟಕದ ಸುಮಾರು ಮೂರರಲ್ಲಿ ಒಂದು ಪಾಲು. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸುಮಾರು 430 ಕಿ.ಮೀ., ಅಂದರೆ ಹೆಚ್ಚುಕಮ್ಮಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು. ಅಗಲ 220 ಕಿ.ಮೀ. ಆಸುಪಾಸು.

ಇದನ್ನು ನೋಡಿದವರಿಗೆ "ಇಷ್ಟೇನಾ, ಒಂದು ಸುತ್ತು ಹೊಡೆದರಾಯ್ತು" ಅನ್ನಿಸುತ್ತೆ. ಎಡವಟ್ಟಾಗುವುದು ಇಲ್ಲೇ. ದ್ವೀಪದ ಹೊಟ್ಟೆಯ ಭಾಗದಲ್ಲಿ ಬೆಟ್ಟಗಳು ತುಂಬಿವೆ. ಅತಿ ಎತ್ತರದ ಪಿದುರುತಲಗಲ ಶಿಖರ 2,524 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರ್ ಹೆಚ್ಚು. ಕೊಲಂಬೊದಿಂದ ಕ್ಯಾಂಡಿಗೆ 115 ಕಿ.ಮೀ. ಅಷ್ಟೇ, ಆದರೆ ಮೂರು ಗಂಟೆ ದಾಟುತ್ತದೆ. ಕ್ಯಾಂಡಿಯಿಂದ ನುವರ ಎಳಿಯಕ್ಕೆ ಎಂಬತ್ತು ಕಿ.ಮೀ.ಗೂ ಕಡಿಮೆ, ತಿರುವು ರಸ್ತೆಯಲ್ಲಿ ಎರಡೂವರೆಯಿಂದ ಮೂರು ಗಂಟೆ.

ಹಾಗಾಗಿ ನನ್ನ ಲೆಕ್ಕ ಹೀಗೆ. ಸಾಮಾನ್ಯ ರಸ್ತೆಯಲ್ಲಿ ಗಂಟೆಗೆ 35ರಿಂದ 40 ಕಿ.ಮೀ., ಬೆಟ್ಟದಲ್ಲಿ 25ರಿಂದ 30. ವಿಮಾನ ನಿಲ್ದಾಣದಿಂದ ಕೊಲಂಬೊಗೆ ಮತ್ತು ಕೊಲಂಬೊದಿಂದ ಗಾಲೆ ಕಡೆಗೆ ಎಕ್ಸ್‌ಪ್ರೆಸ್‌ವೇ ಇದೆ, ಅಲ್ಲಿ ಮಾತ್ರ ವೇಗ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಗಾಡಿಯಲ್ಲಿ ಕೂರಿಸುವ ಯೋಜನೆ ಕಂಡರೆ ಅದನ್ನು ಪಕ್ಕಕ್ಕಿಡಿ. ಮಂಡಿನೋವಿನ ಅಮ್ಮ ಜೊತೆಗಿದ್ದರಂತೂ ಖಂಡಿತ.

ಮೊದಲು ಮಳೆ, ಆಮೇಲೆ ಟಿಕೆಟ್

ಎರಡನೇ ವಿಷಯ ಮಳೆ. ಈ ದ್ವೀಪಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ. ಅದು ಕೊಲಂಬೊ, ಗಾಲೆ ಮತ್ತು ಬೆಟ್ಟಗಳ ಪಶ್ಚಿಮದ ಇಳಿಜಾರನ್ನು ತೋಯಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ. ಅದರ ಮಳೆ ಉತ್ತರ ಮತ್ತು ಪೂರ್ವಕ್ಕೆ. ನಡುವಿನ ಮಾರ್ಚ್–ಏಪ್ರಿಲ್ ಹಾಗೂ ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ.

ಬೆಟ್ಟ ಅಡ್ಡ ನಿಂತಿರುವುದರಿಂದ ಒಂದು ಕಡೆ ಸುರಿಯುವಾಗ ಇನ್ನೊಂದು ಕಡೆ ಒಣಗಿರುತ್ತದೆ. ನಮ್ಮ ಆಗುಂಬೆ ಮತ್ತು ಚಿತ್ರದುರ್ಗದ ಕಥೆಯೇ. ನೈಋತ್ಯದ 'ತೇವ ವಲಯ'ದಲ್ಲಿ ವರ್ಷಕ್ಕೆ 2,500 ಮಿ.ಮೀ.ಗಿಂತ ಹೆಚ್ಚು ಮಳೆ, ಉಳಿದ ದೊಡ್ಡ ಭಾಗವಾದ 'ಒಣ ವಲಯ'ದಲ್ಲಿ 1,750 ಮಿ.ಮೀ.ಗಿಂತ ಕಡಿಮೆ. ಅಂದರೆ ಇಡೀ ದ್ವೀಪಕ್ಕೆ ಒಂದೇ 'ಸೀಸನ್' ಅನ್ನುವುದು ಇಲ್ಲ. ಯಾವ ತಿಂಗಳಿಗೆ ಯಾವ ದಂಡೆ ಅಂತ ಕೇಳಿಕೊಳ್ಳಬೇಕು.

ನಮ್ಮ ರಜೆಗಳಿಗೆ ಇದನ್ನು ಹೊಂದಿಸಿ ನೋಡೋಣ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹೋಗುವವರಿಗೆ ದಕ್ಷಿಣ ಮತ್ತು ಪಶ್ಚಿಮ ದಂಡೆ ಸರಿ. ಫೆಬ್ರವರಿ, ಮಾರ್ಚ್‌ನಲ್ಲಿ ದ್ವೀಪದ ಹೆಚ್ಚಿನ ಭಾಗಗಳಲ್ಲಿ ಹವೆ ಹಿತವಾಗಿರುತ್ತದೆ. ಬೇಸಿಗೆ ರಜೆಯಲ್ಲಿ ಮೇ ನಂತರ ಹೋಗುವವರು ಗಾಲೆ ಬಿಟ್ಟು ಪೂರ್ವದ ಟ್ರಿಂಕೊಮಲಿ ಕಡೆ ನೋಡಿ. ದಸರಾ ರಜೆಯವರು ಬೆಳಿಗ್ಗೆ ಸುತ್ತಾಟ, ಮಧ್ಯಾಹ್ನ ಛತ್ರಿ ಅಂತ ಸಿದ್ಧರಾಗಿರಿ.

ಏಪ್ರಿಲ್‌ಗೆ ಮಾತ್ರ ಒಂದು ಎಚ್ಚರಿಕೆ. 13–14ರ ಸುಮಾರಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿ ಮುಚ್ಚಿರುತ್ತವೆ, ಚಾಲಕರು ಊರಿಗೆ ಹೋಗಿರುತ್ತಾರೆ, ಬೆಟ್ಟದ ಊರುಗಳಲ್ಲಿ ಸ್ಥಳೀಯ ಪ್ರವಾಸಿಗರು ತುಂಬಿರುತ್ತಾರೆ. ಆ ವಾರ ಬೇಡ.

ಒಣ ನೆಲದಲ್ಲಿ ರಾಜಧಾನಿ ಯಾಕೆ?

ಈಗ ಇತಿಹಾಸ. ಗೈಡ್ ಪುಸ್ತಕಗಳು ಸ್ಥಳಗಳ ಪಟ್ಟಿ ಕೊಡುತ್ತವೆ, ಆದರೆ ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಅಂತ ಹೇಳುವುದಿಲ್ಲ. ಒಂದು ಪ್ರಶ್ನೆ ಇಟ್ಟುಕೊಂಡರೆ ಎಲ್ಲ ಬಿಡಿಸಿಕೊಳ್ಳುತ್ತದೆ: ಅಷ್ಟು ಮಳೆ ಬೀಳುವ ನೈಋತ್ಯ ಭಾಗ ಇರುವಾಗ, ಹಳೆಯ ರಾಜಧಾನಿಗಳು ಒಣ ವಲಯದಲ್ಲಿ ಯಾಕೆ ಎದ್ದವು?

ಉತ್ತರ: ಕೆರೆ. ಸಿಂಹಳದಲ್ಲಿ 'ವೆವ' ಅಂತಾರೆ. ಸಮತಟ್ಟು ನೆಲ, ಮಳೆ ಬಂದಾಗ ಹಿಡಿದಿಟ್ಟರೆ ಭತ್ತ ಬೆಳೆಯಬಹುದು. ಅನುರಾಧಪುರ ಕ್ರಿಸ್ತಪೂರ್ವ ಕಾಲದಿಂದ ಸಾವಿರಕ್ಕೂ ಹೆಚ್ಚು ವರ್ಷ ರಾಜಧಾನಿಯಾಗಿ ಉಳಿದದ್ದು ಈ ನೀರಿನ ವ್ಯವಸ್ಥೆಯ ಮೇಲೆ. ಐದನೇ ಶತಮಾನದ ಅರಸ ಧಾತುಸೇನನ ಕಾಲದ ಕಲಾ ವೆವದಿಂದ ಅನುರಾಧಪುರಕ್ಕೆ ಹರಿಯುವ ಜಯಗಂಗಾ ಕಾಲುವೆಯ ಉದ್ದ 87 ಕಿ.ಮೀ. ಅದರ ಕೆಲವು ಕಡೆ ಕಿಲೋಮೀಟರಿಗೆ ಇಳಿಜಾರು ಸುಮಾರು 10 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ! ಈಗಿನ ಯಂತ್ರಗಳಿಲ್ಲದೆ ಅದನ್ನು ಅಳೆದವರು ಯಾರು ಅಂತ ಅಲ್ಲಿ ನಿಂತು ಯೋಚಿಸಬೇಕು.

ಈ ಧಾತುಸೇನನಿಗೆ ಕಾಶ್ಯಪ ಅಂತ ಮಗ. ಸಿಂಹಾಸನ ಕಿತ್ತುಕೊಂಡು ತಂದೆಯನ್ನು ಸೆರೆಹಿಡಿದ, ನಿಧಿ ಎಲ್ಲಿದೆ ತೋರಿಸು ಅಂದ. ಆ ನಾಡಿನ ಚರಿತ್ರೆ ಹೇಳುವ ಚೂಳವಂಸದ ಪ್ರಕಾರ, ಮುದುಕ ಅರಸ ಕಲಾ ವೆವಕ್ಕೆ ಹೋಗಿ, ನೀರಿಗಿಳಿದು, ನನ್ನ ಆಸ್ತಿ ಇಷ್ಟೇ ಅಂತ ಅದನ್ನೇ ತೋರಿಸಿದನಂತೆ. ಮಗ ಸಿಟ್ಟಾಗಿ ತಂದೆಯನ್ನು ಕೊಲ್ಲಿಸಿದ. ಆಮೇಲೆ ಸೇಡಿನ ಭಯಕ್ಕೆ ಒಂದು ಹೆಬ್ಬಂಡೆಯ ಮೇಲೆ ಅರಮನೆ ಕಟ್ಟಿಕೊಂಡ. ಅದೇ ಸಿಗಿರಿಯ. ಆಳಿದ್ದು 477ರಿಂದ 495ರವರೆಗೆ. ತಂದೆಯ ಕೆರೆ ಇವತ್ತಿಗೂ ಹೊಲಕ್ಕೆ ನೀರು ಕೊಡುತ್ತಿದೆ. ಮಗನ ಅರಮನೆಯ ಬುನಾದಿ ಮಾತ್ರ ಉಳಿದಿದೆ. ಈ ಕಥೆ ಗೊತ್ತಿದ್ದು ಸಿಗಿರಿಯ ಹತ್ತುವುದೇ ಬೇರೆ, ಫೋಟೊಗಾಗಿ ಹತ್ತುವುದೇ ಬೇರೆ.

ಮುಂದೆ 993ರ ಹೊತ್ತಿಗೆ ಚೋಳರು ಬಂದರು. ಅನುರಾಧಪುರ ಹಾಳಾಯಿತು, ಪೊಲೊನ್ನರುವ ಅವರ ಕೇಂದ್ರವಾಯಿತು. 1070ರಲ್ಲಿ ವಿಜಯಬಾಹು ಚೋಳರನ್ನು ಹೊರಗೆ ಹಾಕಿ ಅಲ್ಲಿಂದಲೇ ಆಳಿದ. ಹದಿಮೂರನೇ ಶತಮಾನದಲ್ಲಿ ಕಳಿಂಗ ಮಾಘನ ದಾಳಿಯ ನಂತರ ರಾಜಧಾನಿಗಳು ನೈಋತ್ಯಕ್ಕೆ ಸರಿದವು. 1505ರಲ್ಲಿ ಪೋರ್ಚುಗೀಸರು, ಅವರ ಹಿಂದೆ ಡಚ್ಚರು, 1796ರಲ್ಲಿ ಬ್ರಿಟಿಷರು ಕರಾವಳಿ ಹಿಡಿದರು. ಬೆಟ್ಟದೊಳಗಿನ ಕ್ಯಾಂಡಿ ಮಾತ್ರ 1815ರವರೆಗೆ ಸ್ವತಂತ್ರವಾಗಿ ಉಳಿಯಿತು.

ಗಮನಿಸಿದಿರಾ? ಬಯಲು, ಬೆಟ್ಟ, ಕಡಲು. ಅಧಿಕಾರ ಸರಿದ ದಾರಿ ಇದು. ನಿಮ್ಮ ಪ್ರವಾಸದ ದಾರಿಯೂ ಇದೇ ಆಗಲಿ. ಸುತ್ತು ಹಾಕುವುದು ಬೇಡ, ಒಂದು ಗೆರೆ ಸಾಕು.

ಏಳು ರಾತ್ರಿ, ಮೂರೇ ತಂಗುದಾಣ

ಬೆಂಗಳೂರಿನಿಂದ ನೇರ ವಿಮಾನ ಇದೆ, ಒಂದೂವರೆ ಗಂಟೆಯ ಹಾರಾಟ. ಗಡಿಯಾರ ಬದಲಿಸುವುದೂ ಬೇಡ, ಅಲ್ಲೂ ನಮ್ಮದೇ ಸಮಯ. ವಿಮಾನ ಇಳಿಯುವುದು ಕೊಲಂಬೊ ನಗರದಲ್ಲಲ್ಲ, ಅದರ ಉತ್ತರಕ್ಕೆ ಮೂವತ್ತು ಚಿಲ್ಲರೆ ಕಿ.ಮೀ. ದೂರದ ಕಟುನಾಯಕದಲ್ಲಿ. ಆದ್ದರಿಂದ ಮೊದಲ ದಿನ ಕೊಲಂಬೊಗೆ ಹೋಗಿ ಮರುದಿನ ವಾಪಸ್ ಅದೇ ಕಡೆ ಬರುವ ಅಗತ್ಯ ಇಲ್ಲ. ಬೆಳಗಿನ ವಿಮಾನವಾದರೆ ನೇರವಾಗಿ ದಂಬುಳ್ಳ–ಸಿಗಿರಿಯ ಕಡೆ ಹೊರಡಿ, ಸುಮಾರು ನಾಲ್ಕು ಗಂಟೆ. ರಾತ್ರಿ ಇಳಿದರೆ ಪಕ್ಕದ ನೆಗೊಂಬೊದಲ್ಲಿ ಮಲಗಿ ಬೆಳಿಗ್ಗೆ ಹೊರಡಿ.

ಮೊದಲ ತಂಗುದಾಣ ಸಿಗಿರಿಯ ಅಥವಾ ದಂಬುಳ್ಳ, ಮೂರು ರಾತ್ರಿ. ಇಲ್ಲಿ ಒಂದೇ ಕೋಣೆ ಹಿಡಿದು, ಸುತ್ತ ನೋಡಿಕೊಂಡು ಸಂಜೆ ವಾಪಸ್ ಬನ್ನಿ. ಪೆಟ್ಟಿಗೆ ದಿನಾ ಕಟ್ಟುವ ಕೆಲಸ ಇಲ್ಲ ಅನ್ನುವುದೇ ಹಿರಿಯರಿಗೆ ದೊಡ್ಡ ಆರಾಮ.

ಸಿಗಿರಿಯಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸುಮಾರು 1,200 ಮೆಟ್ಟಿಲು, ಒಂಬತ್ತರ ಮೇಲೆ ಬಿಸಿಲು ಮತ್ತು ಜನ ಎರಡೂ ಏರುತ್ತವೆ. ಮಂಡಿನೋವಿನವರು ಹತ್ತಲೇಬೇಕು ಅಂತಿಲ್ಲ. ಬಂಡೆಯ ಬುಡದಲ್ಲಿ ಹಳೆಯ ಜಲೋದ್ಯಾನಗಳಿವೆ, ಒಳ್ಳೆಯ ಮ್ಯೂಸಿಯಂ ಇದೆ. ನನ್ನ ಅಮ್ಮ ಕೆಳಗೇ ಉಳಿದರು. ನಾವು ಮೇಲಿಂದ ಇಳಿಯುವಷ್ಟರಲ್ಲಿ, ನೀರು ಯಾವ ಕೊಳದಿಂದ ಯಾವ ಕೊಳಕ್ಕೆ ಹೋಗುತ್ತೆ ಅಂತ ಅವರು ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು.

ಹತ್ತುವವರು ಅರ್ಧ ದಾರಿಯ ಕನ್ನಡಿ ಗೋಡೆಯ ಹತ್ತಿರ ನಿಂತು ನೋಡಿ. ಶತಮಾನಗಳ ಹಿಂದೆ ಬಂದುಹೋದ ಪ್ರವಾಸಿಗರು ಅದರ ಮೇಲೆ ಸಣ್ಣ ಸಣ್ಣ ಪದ್ಯ ಗೀಚಿ ಹೋಗಿದ್ದಾರೆ. ಪುರಾತತ್ವಜ್ಞ ಸೆನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಬಹಳಷ್ಟು ಪದ್ಯಗಳು ಮೇಲಿನ ಚಿತ್ರಗಳಲ್ಲಿರುವ ಹೆಂಗಸರ ಬಗ್ಗೆ. ಹಾಗಂತ ನೀವು ಗೀಚಬೇಡಿ, ಈಗ ಅದು ಅಪರಾಧ! ಚಿತ್ರಗಳ ಫೋಟೊ ತೆಗೆಯುವುದಕ್ಕೂ ಅವಕಾಶ ಇಲ್ಲ.

ಅದೇ ದಿನ ಸಂಜೆ ದಂಬುಳ್ಳದ ಗುಹಾಲಯ. ಐದು ಗುಹೆ, ಒಳಗೆ ನೂರೈವತ್ತಕ್ಕೂ ಹೆಚ್ಚು ಮೂರ್ತಿಗಳು, ಮೇಲ್ಛಾವಣಿ ತುಂಬ ಚಿತ್ರ. ಇಲ್ಲೂ ಮೆಟ್ಟಿಲಿವೆ, ಆದರೆ ಸಿಗಿರಿಯದಷ್ಟು ಕಷ್ಟ ಅಲ್ಲ. ನಿಧಾನಕ್ಕೆ ಹತ್ತಿದರೆ ಆಗುತ್ತದೆ.

ಮರುದಿನ ಅನುರಾಧಪುರ ಅಥವಾ ಪೊಲೊನ್ನರುವ. ಎರಡೂ ಅಲ್ಲ, ಒಂದು. ಅನುರಾಧಪುರ ಇವತ್ತಿಗೂ ಜೀವಂತ ಯಾತ್ರಾಸ್ಥಳ. ಅಶೋಕನ ಮಗಳು ಸಂಘಮಿತ್ರೆ ತಂದಳೆನ್ನುವ ಬೋಧಿವೃಕ್ಷ ಅಲ್ಲಿದೆ. ಬಿಳಿ ಬಟ್ಟೆ ಉಟ್ಟ ಕುಟುಂಬಗಳು ಹೂ ಹಿಡಿದು ಬರುವುದನ್ನು ನೋಡಬೇಕು. ಆದರೆ ವಿಸ್ತಾರ ಜಾಸ್ತಿ, ನಡಿಗೆ ಜಾಸ್ತಿ. ಪೊಲೊನ್ನರುವ ಅಡಕವಾಗಿದೆ. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ ನಾಲ್ಕು ಬುದ್ಧ ಮೂರ್ತಿಗಳಿವೆ, ಮಲಗಿರುವುದು ಸುಮಾರು 14 ಮೀಟರ್ ಉದ್ದ. ಎಂಟು ದಿನ, ಹಿರಿಯರು ಜೊತೆಗೆ ಅಂದರೆ ನಾನು ಪೊಲೊನ್ನರುವ ಅಂತೀನಿ.

ನಮಗೆ ಅದರಲ್ಲೊಂದು ನಂಟೂ ಇದೆ. ನಮ್ಮ ಬಾಗಲಕೋಟೆಯ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘ ಗೊತ್ತಲ್ಲ, ಆ ಸಂಘದ ನೆನಪಿನ ಶಾಸನಗಳು ಈ ದ್ವೀಪದಲ್ಲೂ ಸಿಕ್ಕಿವೆ. ಹೆಚ್ಚಿನವು ತಮಿಳಿನಲ್ಲಿವೆ. ವಿಜಯಬಾಹು ಕರ್ಣಾಟದ ಅರಸನಿಗೆ ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ ಕಥೆ ಚೂಳವಂಸದಲ್ಲಿದೆ. ಚೋಳರಿಗೆ ಕಲ್ಯಾಣದ ಚಾಲುಕ್ಯರೂ ಶತ್ರು, ಸಿಂಹಳದ ಅರಸನೂ ಶತ್ರು. ಶತ್ರುವಿನ ಶತ್ರು ಗೆಳೆಯ ಅನ್ನುವ ಲೆಕ್ಕ ಆಗಲೂ ಇತ್ತು.

ಎರಡನೇ ತಂಗುದಾಣ ಕ್ಯಾಂಡಿ, ಎರಡು ರಾತ್ರಿ. ದಂಬುಳ್ಳದಿಂದ ಎರಡು, ಎರಡೂವರೆ ಗಂಟೆ. ಬುದ್ಧನ ಹಲ್ಲಿನ ಅವಶೇಷ ಇರುವ ದಳದಾ ಮಾಳಿಗಾವ ಇಲ್ಲಿದೆ. ಆ ಹಲ್ಲು ಯಾರ ವಶದಲ್ಲಿರುತ್ತೋ ಅವರಿಗೇ ಆಳುವ ಹಕ್ಕು ಅನ್ನುವ ನಂಬಿಕೆ ಇತ್ತು. ಅದಕ್ಕೇ ರಾಜಧಾನಿ ಸರಿದಾಗಲೆಲ್ಲ ಅದೂ ಸರಿಯಿತು. ಪೊಲೊನ್ನರುವದಲ್ಲಿ ಅದನ್ನು ಇಟ್ಟಿದ್ದ ಕಟ್ಟಡ ನೋಡಿ ಬಂದವರಿಗೆ ಇಲ್ಲಿ ಆ ಕಥೆಯ ಕೊನೆಯ ಪುಟ ಸಿಗುತ್ತದೆ. ಸಂಜೆಯ ಪೂಜೆಯ ಹೊತ್ತಿಗೆ ಹೋಗಿ, ಡೋಲಿನ ಸದ್ದು ಕೇಳಿ. ಜುಲೈ–ಆಗಸ್ಟ್‌ನಲ್ಲಿ ಎಸಳ ಪೆರಹೆರ ಮೆರವಣಿಗೆ ನಡೆಯುವ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ಬಾಡಿಗೆಯೂ ಜಾಸ್ತಿ. ತಿಂಗಳುಗಳ ಮುಂಚೆ ಕಾದಿರಿಸದೆ ಹೋಗಬೇಡಿ.

ಮೂರನೇ ತಂಗುದಾಣ, ಕೊನೆಯ ಎರಡು ರಾತ್ರಿ. ಇಲ್ಲಿ ಒಂದು ಆಯ್ಕೆ ಮಾಡಲೇಬೇಕು: ಬೆಟ್ಟವೋ, ಕಡಲೋ?

ಕಡಲು ಅಂದರೆ ಗಾಲೆ. ಕ್ಯಾಂಡಿಯಿಂದ ಐದಾರು ಗಂಟೆ. ನನ್ನ ನಾಲ್ಕು ಗಂಟೆಯ ನಿಯಮ ಮುರಿಯುವ ದಿನ ಇದೊಂದೇ, ದಾರಿಯಲ್ಲಿ ಕೊಲಂಬೊದ ನ್ಯಾಷನಲ್ ಮ್ಯೂಸಿಯಂ ಬಳಿ ಇಳಿದರೆ ಕಾಲಿಗೂ ಬಿಡುವು. ಚೀನಾದ ನೌಕಾ ದಂಡನಾಯಕ ಝೆಂಗ್ ಹೆ ತಂದ 1409ರ ಶಿಲಾಶಾಸನ ಅಲ್ಲಿದೆ. ಚೀನೀ, ತಮಿಳು, ಪರ್ಷಿಯನ್, ಮೂರು ಭಾಷೆಯಲ್ಲಿ. ಅದು ಸಿಕ್ಕಿದ್ದು ಗಾಲೆಯಲ್ಲೇ. ಗಾಲೆಯ ಕೋಟೆಯನ್ನು ಪೋರ್ಚುಗೀಸರು ಶುರುಮಾಡಿದರು, 1640ರಲ್ಲಿ ಗೆದ್ದ ಡಚ್ಚರು ಗಟ್ಟಿ ಮಾಡಿದರು. 2004ರ ಸುನಾಮಿಯಲ್ಲಿ ಕೋಟೆಯ ಹೊರಗಿನ ಹೊಸ ಊರು ಜರ್ಜರಿತವಾಯಿತು. ಒಳಗಿನ ಹಳೆಯ ಊರನ್ನು ಆ ಗೋಡೆಗಳು ಬಹುಮಟ್ಟಿಗೆ ಕಾಪಾಡಿದವು. ಕೋಟೆಯ ಮೇಲೆ ಸಮತಟ್ಟಾಗಿ ನಡೆಯಬಹುದು, ಹಿರಿಯರಿಗೆ ತೊಂದರೆ ಇಲ್ಲ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಎಕ್ಸ್‌ಪ್ರೆಸ್‌ವೇಯಲ್ಲಿ ಎರಡೂವರೆಯಿಂದ ಮೂರು ಗಂಟೆ.

ಬೆಟ್ಟ ಅಂದರೆ ನುವರ ಎಳಿಯ. ಟೀ ತೋಟ, ತಂಪು, ಮತ್ತು ಎಲ್ಲರೂ ಕೇಳುವ ಆ ರೈಲು.

ಮೇ–ಸೆಪ್ಟೆಂಬರ್‌ನವರಿಗೆ ಗೆರೆ ತಿರುಗುಮುರುಗು: ಮೊದಲು ಕ್ಯಾಂಡಿ, ಆಮೇಲೆ ಸಿಗಿರಿಯ, ಕೊನೆಗೆ ಟ್ರಿಂಕೊಮಲಿ. ಅಲ್ಲಿ ಸಮುದ್ರದ ಮೇಲೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರ ದೇವಸ್ಥಾನ. ಹಳೆಯದನ್ನು ಪೋರ್ಚುಗೀಸರು ಕೆಡವಿದ್ದರು, ಈಗಿರುವುದು ನಂತರದ್ದು. ವಾಪಸ್ ವಿಮಾನ ನಿಲ್ದಾಣಕ್ಕೆ ಆರು ಗಂಟೆ ಬೇಕು, ಹಾಗಾಗಿ ರಾತ್ರಿಯ ವಿಮಾನ ಹಿಡಿಯಿರಿ.

ಆ ನೀಲಿ ರೈಲು

ಫೋನಿನಲ್ಲಿ ನೀವು ನೋಡಿರುವ ನೀಲಿ ರೈಲು ಓಡುವುದು ಕೊಲಂಬೊ–ಬದುಳ್ಳ ಮಾರ್ಗದಲ್ಲಿ. ಬ್ರಿಟಿಷರು ಮೊದಲು ಕಾಫಿ, ಆಮೇಲೆ ಟೀ ಸಾಗಿಸಲು ಹಾಕಿದ ದಾರಿ. 1867ರಲ್ಲಿ ಕ್ಯಾಂಡಿ ಮುಟ್ಟಿತು, ಬದುಳ್ಳ ಮುಟ್ಟಿದ್ದು 1924ರಲ್ಲಿ. ಕ್ಯಾಂಡಿಯಿಂದ ಎಲ್ಲ ಎಂಬ ಊರಿಗೆ ಆರೇಳು ಗಂಟೆ. ನುವರ ಎಳಿಯಕ್ಕೆ ಹೋಗುವವರು ನಾನು ಓಯ ನಿಲ್ದಾಣದಲ್ಲಿ ಇಳಿಯಬೇಕು, ಸುಮಾರು ನಾಲ್ಕು ಗಂಟೆ. ಹಿರಿಯರಿಗೆ ಅಷ್ಟು ಸಾಕು.

ಕಾದಿರಿಸಿದ ಸೀಟು ಮಾರಾಟ ಶುರುವಾದ ಕೂಡಲೇ ಖಾಲಿ ಆಗುತ್ತದೆ. ಸಿಗದಿದ್ದರೆ ಅವತ್ತೇ ಕೊಳ್ಳುವ ಸಾಮಾನ್ಯ ಟಿಕೆಟ್ ಇದೆ, ಆದರೆ ನಿಂತೇ ಹೋಗಬೇಕಾಗಬಹುದು. ಇನ್ನೊಂದು, 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಿಂದ ಬೆಟ್ಟದ ನಾಡಿನಲ್ಲಿ ಭಾರೀ ಭೂಕುಸಿತವಾಯಿತು, ಜೀವಗಳು ಹೋದವು, ರೈಲು ಹಳಿಯೂ ಹಾಳಾಯಿತು. ಹಾಗಾಗಿ ನೀವು ಹೋಗುವ ತಿಂಗಳಲ್ಲಿ ಯಾವ ಭಾಗ ಓಡುತ್ತಿದೆ ಅಂತ ವಿಚಾರಿಸಿಯೇ ಕೋಣೆ ಕಾದಿರಿಸಿ. ಬಾಗಿಲಲ್ಲಿ ನೇತಾಡಿ ಫೋಟೊ ತೆಗೆಸಿಕೊಳ್ಳುವ ಹುಚ್ಚು ಬೇಡ, ಹಾಗೆ ಬಿದ್ದು ಸತ್ತವರಿದ್ದಾರೆ.

ರಾಮಾಯಣದ ಜಾಗಗಳು?

ಈ ಪ್ರಶ್ನೆ ಬಂದೇ ಬರುತ್ತೆ. ಅಶೋಕವನ, ರಾವಣನ ಗುಹೆ ಅಂತ ದ್ವೀಪದ ತುಂಬ ಹೆಸರುಗಳಿವೆ. ಇವುಗಳ ಹಿಂದೆ ಇರುವುದು ನಂಬಿಕೆ ಮತ್ತು ಸ್ಥಳಕಥೆ. ಅನುರಾಧಪುರಕ್ಕೆ ಇರುವಂಥ ಶಾಸನ, ಉತ್ಖನನದ ಆಧಾರವನ್ನು ಅಲ್ಲಿ ಹುಡುಕಬೇಡಿ. ಭಕ್ತಿಯಿಂದ ಹೋಗುವವರಿಗೆ ಅದು ಕೊರತೆಯೂ ಅಲ್ಲ. ನನ್ನ ತಕರಾರು ದೂರದ ಬಗ್ಗೆ ಮಾತ್ರ. ಅವೆಲ್ಲ ದಿಕ್ಕಿಗೊಂದು ಹರಡಿವೆ, ಎಲ್ಲವನ್ನೂ ಮುಟ್ಟುವ ಪ್ಯಾಕೇಜ್ ಅಂದರೆ ಮತ್ತೆ ವ್ಯಾನಿನ ಪ್ರವಾಸ. ಬೆಟ್ಟ ಆರಿಸಿಕೊಂಡವರಿಗೆ ನುವರ ಎಳಿಯದ ಹತ್ತಿರವೇ ಸೀತಾ ಎಳಿಯದಲ್ಲಿ ಸೀತಮ್ಮನ ಗುಡಿ ಇದೆ, ಪಕ್ಕದಲ್ಲೇ ತೊರೆ. ಅಮ್ಮಂದಿರಿಗೆ ಅಷ್ಟರಲ್ಲೇ ತೃಪ್ತಿ ಸಿಗುತ್ತದೆ.

ಉತ್ತರವನ್ನು ಯಾಕೆ ಬಿಟ್ಟೆ?

ಇದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಕೊಟ್ಟ ಗೆರೆಯಲ್ಲಿ ಜಾಫ್ನಾ ಇಲ್ಲ. ಅದು ಮುಖ್ಯವಲ್ಲ ಅಂತಲ್ಲ. 1983ರಿಂದ 2009ರವರೆಗೆ ಈ ದೇಶದಲ್ಲಿ ಯುದ್ಧ ನಡೆಯಿತು. ಅದರ ಅತಿ ಹೆಚ್ಚಿನ ಹೊರೆ ಹೊತ್ತದ್ದು ಉತ್ತರ ಮತ್ತು ಪೂರ್ವ. ಅದಕ್ಕೂ ಮೊದಲೇ, 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯವನ್ನು ಸುಡಲಾಯಿತು, ಸುಮಾರು 97,000 ಪುಸ್ತಕ, ಹಸ್ತಪ್ರತಿಗಳು ಬೂದಿಯಾದವು. ಈಗ ಬಿಳಿ ಕಟ್ಟಡ ಮತ್ತೆ ಎದ್ದು ನಿಂತಿದೆ, ಮಕ್ಕಳು ಒಳಗೆ ಕೂತು ಓದುತ್ತಾರೆ. ನೋವು ಒಂದೇ ಕಡೆಯದ್ದಲ್ಲ, 1998ರಲ್ಲಿ ಕ್ಯಾಂಡಿಯ ದಳದಾ ಮಾಳಿಗಾವದ ಮೇಲೂ ಬಾಂಬ್ ದಾಳಿ ಆಯಿತು.

ಅಂಥ ಊರಿಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಕೊಲಂಬೊದಿಂದ ಸುಮಾರು 400 ಕಿ.ಮೀ., ಒಂದು ದಿಕ್ಕಿಗೆ ಒಂದು ದಿನ. ಹನ್ನೆರಡು ದಿನ ಇದ್ದರೆ ಮೂರು ರಾತ್ರಿ ಅಲ್ಲಿರಿ: ನಲ್ಲೂರು ಕಂದಸ್ವಾಮಿ ಕೋವಿಲ್, ಗ್ರಂಥಾಲಯ, ದ್ವೀಪಗಳು. ಇಲ್ಲದಿದ್ದರೆ ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ. ಆದರೆ ಎಂಟು ದಿನ ದಕ್ಷಿಣ ನೋಡಿ ಬಂದು "ಶ್ರೀಲಂಕಾ ಪೂರ್ತಿ ಮುಗಿಸಿದೆ" ಅನ್ನಬೇಡಿ, ಅಷ್ಟೇ.

ಊಟ, ಉಡುಪು, ದುಡ್ಡು

ಸಸ್ಯಾಹಾರಿಗಳಿಗೆ ಊಟದ ಕಷ್ಟ ಇಲ್ಲ. ಅನ್ನ, ಬೇಳೆಯ ಪರಿಪ್ಪು, ನಾಲ್ಕಾರು ತರಕಾರಿ ಪಲ್ಯ, ಎಲ್ಲಕ್ಕೂ ತೆಂಗಿನಹಾಲು. ನಮ್ಮ ಒತ್ತು ಶಾವಿಗೆಯ ಬಂಧು ಇಂದಿಆಪ್ಪ, ಅಂಚು ಗರಿಗರಿಯಾದ ಆಪ್ಪ. ಒಂದೇ ಎಚ್ಚರಿಕೆ: 'ಉಂಬಲಕಡ'. ಒಣಗಿಸಿದ ಮೀನಿನ ಪುಡಿ ಇದು, ತೆಂಗಿನತುರಿಯ ಪೊಲ್ ಸಂಬೋಲದಲ್ಲಿ, ಕೆಲವೊಮ್ಮೆ ತರಕಾರಿ ಪಲ್ಯದಲ್ಲೂ ಹಾಕುತ್ತಾರೆ. "ಮೀನು ಇಲ್ಲ ತಾನೆ?" ಅಂತ ಕೇಳಿದರೆ ಇಲ್ಲ ಅಂತಾರೆ, ಯಾಕೆಂದರೆ ಅವರಿಗೆ ಅದು ಒಗ್ಗರಣೆ ಲೆಕ್ಕ. "ಉಂಬಲಕಡ ಬೇಡ" ಅಂತ ಹೆಸರು ಹಿಡಿದು ಹೇಳಿ.

ದೇವಸ್ಥಾನ, ವಿಹಾರಗಳಲ್ಲಿ ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಟೋಪಿ, ಚಪ್ಪಲಿ ಹೊರಗೆ. ಮಧ್ಯಾಹ್ನ ಕಲ್ಲುಹಾಸು ಕಾದಿರುತ್ತದೆ, ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅಲ್ಲಿಯವರಿಗೆ ಅದು ಅವಮಾನ. ಪ್ರತಿ ಹುಣ್ಣಿಮೆ 'ಪೋಯ' ರಜಾದಿನ: ವಿಹಾರಗಳಲ್ಲಿ ಜನಜಂಗುಳಿ, ಮದ್ಯ ಮಾರಾಟ ಬಂದ್. ದಿನಾಂಕ ಗುರುತು ಹಾಕುವಾಗ ಪಂಚಾಂಗವನ್ನೂ ನೋಡಿ.

ದುಡ್ಡಿನ ವಿಷಯ. ಪಾಸ್‌ಪೋರ್ಟ್ ಯಾವಾಗಲೂ ಜೊತೆಗಿರಲಿ. ಸಿಗಿರಿಯ, ಪೊಲೊನ್ನರುವದಂಥ ಕಡೆ ವಿದೇಶಿಯರ ಟಿಕೆಟ್ ದುಬಾರಿ, ಆದರೆ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ, ಕೇಳಿ ಪಡೆಯಬೇಕು. ಇಟಿಎ ಎಂಬ ಪ್ರವೇಶ ಅನುಮತಿ ಬೇಕು. ಇದರ ಶುಲ್ಕ ಮತ್ತು ನಿಯಮ ಇತ್ತೀಚಿನ ವರ್ಷಗಳಲ್ಲಿ ಪದೇಪದೇ ಬದಲಾಗಿವೆ. ಸರ್ಕಾರಿ ತಾಣದಲ್ಲೇ ನೋಡಿ, ಹೆಚ್ಚು ದುಡ್ಡು ಕೀಳುವ ನಕಲಿ ತಾಣಗಳು ಬಹಳ. ಯುಪಿಐ 2024ರಿಂದ ಅಲ್ಲಿ ಶುರುವಾಗಿದೆ, ಆದರೆ ಹಳ್ಳಿ ಅಂಗಡಿ ನಂಬಿ ಹೋಗಬೇಡಿ, ಕೈಯಲ್ಲಿ ನಗದು ಇರಲಿ.

ನಾಲ್ಕು ಜನಕ್ಕೆ ಚಾಲಕ ಸಮೇತ ಕಾರು ಒಳ್ಳೆಯದು. ಮಾತಾಡುವಾಗ ಮೂರು ಪ್ರಶ್ನೆ: ದಿನಕ್ಕೆ ಎಷ್ಟು ಕಿ.ಮೀ. ಸೇರಿದೆ? ಎಕ್ಸ್‌ಪ್ರೆಸ್‌ವೇ ಶುಲ್ಕ, ಪಾರ್ಕಿಂಗ್ ಯಾರದ್ದು? ಚಾಲಕರ ಊಟ, ವಸತಿ ಯಾರದ್ದು? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಮತ್ತೊಂದು ಮಾತು. 2022ರಲ್ಲಿ ಆ ದೇಶ ಸಾಲ ತೀರಿಸಲಾಗದೆ ಕುಸಿಯಿತು, ಪೆಟ್ರೋಲ್‌ಗೆ ದಿನಗಟ್ಟಲೆ ಸಾಲು ನಿಂತರು. ಪ್ರವಾಸಿಗರ ದುಡ್ಡು ಅಲ್ಲಿ ಎಷ್ಟೋ ಮನೆಗಳ ಒಲೆ. ಮನೆಯವರೇ ನಡೆಸುವ ಸಣ್ಣ ಅತಿಥಿಗೃಹದಲ್ಲಿ ಉಳಿಯಿರಿ, ಪರವಾನಗಿ ಇರುವ ಸ್ಥಳೀಯ ಗೈಡ್ ಹಿಡಿಯಿರಿ. ಚೌಕಾಸಿ ಮಾಡಿ, ಆದರೆ ಹಿಂಡಬೇಡಿ.

ಬಿಡುವ ಪಟ್ಟಿ

ಪ್ರವಾಸಕ್ಕೆ ಹೊರಡುವವರೆಲ್ಲ ನೋಡುವ ಪಟ್ಟಿ ಮಾಡ್ತಾರೆ. ನೀವು ಮೊದಲು ಬಿಡುವ ಪಟ್ಟಿ ಮಾಡಿ. ಈ ಸಲ ಬಿಟ್ಟದ್ದು: ಜಾಫ್ನಾ, ಎರಡರಲ್ಲಿ ಒಂದು ಹಳೆಯ ನಗರ, ಬೆಟ್ಟ–ಕಡಲಿನಲ್ಲಿ ಒಂದು. ಮನೆಯವರೆಲ್ಲ ಕೂತು, ಹಿರಿಯರನ್ನೂ ಕೇಳಿ, ಒಪ್ಪಿ ಬಿಟ್ಟರೆ ಅಲ್ಲಿ ಹೋದ ಮೇಲೆ "ಅದೂ ನೋಡಬೇಕಿತ್ತು" ಅನ್ನುವ ಜಗಳ ಇರುವುದಿಲ್ಲ. ತಿಂಗಳು ಗುರುತು ಮಾಡಿ, ದಂಡೆ ಆರಿಸಿ, ಮೂರು ಊರಲ್ಲಿ ಕೋಣೆ ಹಿಡಿಯಿರಿ. ಉಳಿದದ್ದು ದಾರಿಯಲ್ಲಿ ಸಿಗುತ್ತದೆ.

ಒಂದು ಸಂಜೆ ಮಾತ್ರ ಏನೂ ಇಟ್ಟುಕೊಳ್ಳದೆ ಖಾಲಿ ಬಿಡಿ. ಯಾವುದಾದರೂ ಒಂದು ವೆವದ ಏರಿಯ ಮೇಲೆ ಹೋಗಿ ಕೂತುಕೊಳ್ಳಿ. ಸಾವಿರದೈನೂರು ವರ್ಷದ ಹಿಂದೆ ಒಬ್ಬ ಅರಸ ತನ್ನ ಆಸ್ತಿ ಅಂತ ತೋರಿಸಿದ್ದು ಅಂಥದ್ದೇ ನೀರನ್ನು.